ಗೋಡೆ ಊರಾಯಿತು, ಊರು ಗೋಡೆಯಾಯಿತು

ಚಿತ್ರದುರ್ಗದ ಕಡೆ ಯಾರಾದರೂ ಹೊಸ ಮನೆ ಕಟ್ಟಿಸುತ್ತಿದ್ದಾರೆಂದರೆ ನೆಂಟರಿಷ್ಟರು ಮೊದಲು ಕೇಳುವ ಮಾತು ಎರಡು. ಮೋಲ್ಡ್ ಹಾಕಿದ್ರಾ? ಕಾಂಪೌಂಡು ಆಯ್ತಾ? ಹಾಲುಕ್ಕಿಸಿ ಗೃಹಪ್ರವೇಶ ಮುಗಿದ ಮೇಲೂ ಕಾಂಪೌಂಡು ಏಳದಿದ್ದರೆ ಆ ಮನೆ ನಮ್ಮವರ ಕಣ್ಣಿಗೆ ಅರೆಬರೆ. ಸೈಜುಗಲ್ಲಿನ ಪಾಯದ ಮೇಲೆ ಸಿಮೆಂಟ್ ಇಟ್ಟಿಗೆ ಏರಿಸಿ ತಲೆಗೆ ಗಾಜಿನ ಚೂರು ನೆಟ್ಟರೂ ಅದು ಕಾಂಪೌಂಡೇ. ತೋಟದ ಸುತ್ತ ಕಲ್ಲುಚಪ್ಪಡಿಗಳನ್ನು ಸಾಲಾಗಿ ಹುಗಿದು ನಿಲ್ಲಿಸಿದರೂ ಕಾಂಪೌಂಡೇ. ಹುಡುಗರು ಶಾಲೆಯ ಕಾಂಪೌಂಡು ಹಾರುತ್ತಾರೆ. ಹಿಂಗಾರಿನ ಮಳೆಗೆ ಕಾಂಪೌಂಡು ಕುಸಿಯುತ್ತದೆ. ಅಣ್ಣತಮ್ಮಂದಿರು ಅರ್ಧ ಅಡಿ ಕಾಂಪೌಂಡಿಗಾಗಿ ವರ್ಷಗಟ್ಟಲೆ ಮಾತು ಬಿಡುತ್ತಾರೆ. ಇಷ್ಟು ಬಳಕೆಯ ಪದವನ್ನು ಯಾರೂ ಮಗುಚಿ ನೋಡುವುದಿಲ್ಲ. ಇಂಗ್ಲಿಷ್ ಮಾತು, ಇಂಗ್ಲಿಷರ ಜೊತೆ ಬಂತು ಎಂದುಕೊಂಡು ಸುಮ್ಮನಿರುತ್ತೇವೆ.

ಬಂದದ್ದು ಇಂಗ್ಲಿಷರ ಜೊತೆಗೇ. ಹುಟ್ಟಿದ್ದು ಮಾತ್ರ ಸಮುದ್ರದಾಚೆ, ಮಲಯ ಭಾಷೆಯಲ್ಲಿ. ಅಲ್ಲಿ ಅದು ಕಂಪುಂಗ್. ಮಲೇಷ್ಯಾ, ಇಂಡೋನೇಷ್ಯಾಗಳಲ್ಲಿ ಇವತ್ತಿಗೂ ದಿನದಿನದ ಬಾಯಿಮಾತು ಅದು. ಅರ್ಥ: ಹಳ್ಳಿ, ಊರು, ಹುಟ್ಟೂರು. ನಿಘಂಟುಕಾರರಲ್ಲಿ ಹೆಚ್ಚಿನವರು ಒಪ್ಪಿರುವ ವ್ಯುತ್ಪತ್ತಿ ಇದು. ಇಂಗ್ಲಿಷಿನಲ್ಲಿ ಬೆರಕೆ, ಸಂಯುಕ್ತ ಎಂಬರ್ಥದ ಇನ್ನೊಂದು ಕಾಂಪೌಂಡ್ ಲ್ಯಾಟಿನ್‌ನಿಂದ ಬಂದದ್ದು. ಔಷಧ ಬೆರೆಸಿ ಕೊಡುತ್ತಿದ್ದ ಆಸ್ಪತ್ರೆಯ ಕಾಂಪೌಂಡರ್ ಆ ಕುಲದವನು. ಮನೆ ಸುತ್ತಲಿನ ಕಾಂಪೌಂಡಿಗೂ ಅವನಿಗೂ ನೆಂಟಸ್ತನವಿಲ್ಲ. ಕಿವಿಗೆ ಒಂದೇ ರೀತಿ ಕೇಳಿಸಿತೆಂದು ಇಂಗ್ಲಿಷರು ಕಂಪುಂಗ್‌ಗೂ ತಮ್ಮ ಹಳೆಯ ಅಂಗಿಯನ್ನೇ ತೊಡಿಸಿದರು.

ಇದರ ಜಾಡು ಹಿಡಿಯಲು ಹೊರಟವರಲ್ಲಿ ಹೆನ್ರಿ ಯೂಲ್ ಮತ್ತು ಆರ್ಥರ್ ಬರ್ನೆಲ್ ಪ್ರಸಿದ್ಧರು. ತುಳುನಾಡಿನ ಭೂತಗಳ ಪಾಡ್ದನಗಳನ್ನು ಸಂಗ್ರಹಿಸಿದ ಅದೇ ಬರ್ನೆಲ್. ಇಬ್ಬರೂ ಸೇರಿ ಮಾಡಿದ ‘ಹಾಬ್ಸನ್-ಜಾಬ್ಸನ್’ ನಿಘಂಟು 1886ರಲ್ಲಿ ಬಂತು. ಅಷ್ಟರಲ್ಲಿ ಬರ್ನೆಲ್ ತೀರಿಕೊಂಡಿದ್ದರು. ಪೋರ್ಚುಗೀಸ್ ಮೂಲವೋ ಮಲಯ ಮೂಲವೋ ಎಂಬ ಚರ್ಚೆಯನ್ನು ಆ ನಿಘಂಟು ವಿಸ್ತಾರವಾಗಿ ನಡೆಸಿ, ಹಳೆಯ ಪ್ರಯೋಗಗಳನ್ನು ಸಾಲಾಗಿ ಇಟ್ಟಿತು. ಅದರಲ್ಲಿ 1679ರದ್ದೊಂದು ಇದೆ. ಮದರಾಸಿನ ಕೋಟೆಯಿಂದ ಹೊರಟ ಇಂಗ್ಲಿಷ್ ಕಂಪನಿಯವರು ಆಂಧ್ರದ ಕರಾವಳಿಯಲ್ಲಿ, ಮಾದಪೊಲ್ಲಂ ಹತ್ತಿರ, ಡಚ್ಚರ ಒಂದು ದೊಡ್ಡ ಆವರಣವನ್ನು ಕಾಣುತ್ತಾರೆ. ಬಟ್ಟೆಗೆ ನೀಲಿ ಹಾಕುವ ಜಾಗ. 300ಕ್ಕೂ ಹೆಚ್ಚು ಗುಡಾಣಗಳನ್ನು ನೆಲದಲ್ಲಿ ಹೂತಿಟ್ಟಿದ್ದಾರೆ. ಆ ಆವರಣಕ್ಕೆ ಅವರು ಬರೆದುಕೊಂಡ ಹೆಸರು ಕಾಂಪೌಂಡ್. ಇವತ್ತು ನಮ್ಮ ಬಡಾವಣೆಗಳಲ್ಲಿ ಸುಣ್ಣ ಬಳಿದು ನಿಂತ ಪದವನ್ನು ಆ ನೀಲಿ ಗುಡಾಣಗಳ ನಡುವೆ ಕಂಡಾಗ ನನಗೆ ಮೈ ಜುಮ್ಮೆಂದಿತು.

ಪೂರ್ವದಲ್ಲಿ ಆ ಡಚ್ಚರಿಗೆ ರಾಜಧಾನಿಯಾಗಿದ್ದದ್ದು ಜಾವಾ ದ್ವೀಪದ ಬಟಾವಿಯಾ, ಇಂದಿನ ಜಕಾರ್ತಾ. ಅಲ್ಲಿ ಒಂದೊಂದು ಜನಕ್ಕೆ ಒಂದೊಂದು ಕಂಪುಂಗ್: ಮಲಯರದು, ಬಾಲಿಯವರದು, ಅಂಬೊನ್ ದ್ವೀಪದವರದು. ಕಂಪುಂಗ್ ಮೆಲಾಯು, ಕಂಪುಂಗ್ ಬಾಲಿ, ಕಂಪುಂಗ್ ಅಂಬೊನ್ ಎಂಬ ಹೆಸರುಗಳು ಆ ಮಹಾನಗರದಲ್ಲಿ ಇನ್ನೂ ಇವೆ. ನಮ್ಮ ಕೇರಿ, ಓಣಿಗಳಿದ್ದ ಹಾಗೆ. ಮಲಯದಲ್ಲಿ ‘ಬೆರ್‌ಕಂಪುಂಗ್’ ಎಂದರೆ ಒಂದೆಡೆ ಸೇರುವುದು, ಕೂಡುವುದು. ಮೊದಲು ಜನ ಕೂಡಬೇಕು, ಅದು ಕಂಪುಂಗ್. ಸುತ್ತ ಬೇಲಿ ಇದ್ದರೂ ಸರಿ, ಇರದಿದ್ದರೂ ಸರಿ.

ಇಷ್ಟಾದರೆ ಎಷ್ಟೋ ವಲಸೆ ಪದಗಳಲ್ಲಿ ಇದೂ ಒಂದು ಎಂದು ಬಿಟ್ಟುಬಿಡಬಹುದಿತ್ತು. ಆದರೆ ಈ ಪದ ಬಂದ ದಾರಿಯಲ್ಲೇ, ಅದಕ್ಕಿಂತ ಎಷ್ಟೋ ನೂರು ವರ್ಷ ಮುಂಚೆ, ನಮ್ಮ ಕಡೆಯಿಂದ ಒಂದು ಪದ ಅತ್ತ ಹೋಗಿತ್ತು. ಅದು ಕೋಟೆ.

ಇಂಡೋನೇಷ್ಯಾದಲ್ಲಿ ನಗರಕ್ಕೆ ಕೋತ ಎನ್ನುತ್ತಾರೆ. ನಮ್ಮ ಟಕಾರ ಅವರ ನಾಲಗೆಯಲ್ಲಿ ತಕಾರವಾಗಿದೆ. ತಮಿಳಿನ ಕೋಟ್ಟೈ, ತೆಲುಗಿನ ಕೋಟ, ಕನ್ನಡದ ಕೋಟೆ ಒಂದೇ ಬೇರಿನ ಚಿಗುರುಗಳು. ಸಂಸ್ಕೃತವೂ ಅದನ್ನು ಕೋಟ್ಟ ಎಂದು ತನ್ನದಾಗಿಸಿಕೊಂಡಿತು. ಮಲಯ ಭಾಷೆಗೆ ಅದು ಹೋದದ್ದು ಈ ಮನೆತನದಿಂದ. ಕನ್ನಡಿಗರೇ ಕೊಟ್ಟರು ಎಂದು ಎದೆ ತಟ್ಟಿಕೊಳ್ಳುವ ಅಗತ್ಯವಿಲ್ಲ. ಎಲ್ಲರೂ ಹಂಚಿಕೊಂಡ ಆಸ್ತಿ ಅದು. ಅಲ್ಲಿ ಆ ಪದ ಎಷ್ಟು ಬಳಕೆಯದೆಂದರೆ ಪರಊರಿಗೆ ಹೋದವನು ‘ಲುಆರ್ ಕೋತ’, ಅಂದರೆ ಕೋಟೆಯ ಹೊರಗೆ ಹೋಗಿರುತ್ತಾನೆ. ನಗರದ ಮೇಯರ್ ‘ವಾಲಿ ಕೋತ’, ಕೋಟೆಯ ಪಾಲಕ. ಮುಂದೆ ದೇಶದ ಅಧ್ಯಕ್ಷರಾದ ಜೋಕೊ ವಿಡೊಡೊ ಮೊದಲು ಸುರಕರ್ತಾ ನಗರದ ವಾಲಿ ಕೋತ ಆಗಿದ್ದವರು. ಕೋಟೆ ಕಾಯುವುದೆಂದರೆ ಓಬವ್ವನ ಕಿಂಡಿಯನ್ನು ನೆನೆಯುವ ದುರ್ಗದವರಿಗೆ, ಕಸ ವಿಲೇವಾರಿ, ಬೀದಿದೀಪ, ಕುಡಿಯುವ ನೀರು ನೋಡಿಕೊಳ್ಳುವ ಒಬ್ಬ ಅಧಿಕಾರಿಗೆ ಆ ಹೆಸರಿದೆ ಎಂದರೆ ಎಂಥ ಬೆರಗು!

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ನಮ್ಮ ಗೋಡೆ ಅಲ್ಲಿಗೆ ಹೋಗಿ ಊರಾಯಿತು. ಅವರ ಊರು ಇಲ್ಲಿಗೆ ಬಂದು ಗೋಡೆಯಾಯಿತು. ಯಾರೂ ಕೂತು ಒಪ್ಪಂದ ಮಾಡಿಕೊಂಡದ್ದಲ್ಲ. ನಡುವೆ ನೂರಾರು ವರ್ಷಗಳ ಅಂತರ, ಸಾಗಿಸಿದ ಜನ ಬೇರೆ, ಹಡಗುಗಳು ಬೇರೆ. ಆದರೂ ತಕ್ಕಡಿಯ ಎರಡು ತಟ್ಟೆ ಸಮನಾಗಿ ನಿಂತಿವೆ. ಇದನ್ನು ಮೊದಲು ಗಮನಿಸಿದ ದಿನದಿಂದ ದುರ್ಗದ ಕೋಟೆಯನ್ನು ನಾನು ಬೇರೆ ಕಣ್ಣಿನಿಂದ ನೋಡುತ್ತ ಬಂದಿದ್ದೇನೆ.

ಆ ಗೋಡೆಗೆ ಕೈಯಿಟ್ಟು ನೋಡಬೇಕು. ಆನೆಗಾತ್ರದ ಬಂಡೆ ಎಲ್ಲಿತ್ತೋ ಅಲ್ಲೇ ಬಿಟ್ಟು ಬಂಡೆಗಳ ನಡುವಿನ ಸಂದಿಯನ್ನಷ್ಟೇ ಕಟ್ಟಿದ್ದಾರೆ. ಬೆಟ್ಟ ಅರ್ಧ ಕೆಲಸ ಮಾಡಿ ಮುಗಿಸಿತ್ತು. ಉಳಿದರ್ಧಕ್ಕೆ ಮನುಷ್ಯ ಕೈ ಹಾಕಿದ. ಕಡಿದ ಕಲ್ಲುಗಳು ಗಾರೆಯಿಲ್ಲದೆ ಒಂದರ ಮೈಗೊಂದು ಒತ್ತಿ ಕೂತಿವೆ. ಒಂದರ ಮೂಲೆ ಸೊಟ್ಟಗಿದ್ದರೆ ಅದನ್ನು ತಿದ್ದಲು ಹೋಗಿಲ್ಲ, ಪಕ್ಕದ ಕಲ್ಲನ್ನು ಆ ಸೊಟ್ಟಕ್ಕೆ ತಕ್ಕ ಹಾಗೆ ಕಡಿದಿದ್ದಾರೆ. ಬಂಡೆ ಸೀಳಲು ಸಾಲಾಗಿ ತೋಡಿದ ಗುಳಿಗಳು ಅಲ್ಲಲ್ಲಿ ಹಾಗೆಯೇ ಉಳಿದಿವೆ. ಬೆರಳಿಟ್ಟರೆ ಉಳಿಯ ಏಟು ತಿಳಿಯುತ್ತದೆ. ಒಂದು ಬಾಗಿಲು ದಾಟಿದೊಡನೆ ದಾರಿ ತಟ್ಟನೆ ತಿರುಗುತ್ತದೆ, ಓಡಿಬಂದು ಗುದ್ದುವ ಆನೆಗೆ ನೇರ ದಾರಿ ಸಿಗಬಾರದೆಂದು. ಮೇಲಿನ ಹೊಂಡ ತುಂಬಿದರೆ ಕೆಳಗಿನದಕ್ಕೆ, ಅದು ತುಂಬಿದರೆ ಇನ್ನೂ ಕೆಳಗಿನದಕ್ಕೆ ನೀರು ಇಳಿದು ಕೊನೆಗೆ ಪೇಟೆಯ ಸಂತೆಹೊಂಡಕ್ಕೆ ಸೇರುತ್ತಿತ್ತು. ಇಷ್ಟು ಜತನದಿಂದ ಕಟ್ಟಿದ ನಾಯಕರ ಆಳ್ವಿಕೆ 1779ರಲ್ಲಿ, ಕೊನೆಯ ಮದಕರಿನಾಯಕನ ಕಾಲಕ್ಕೆ, ಹೈದರಾಲಿಯ ಕೈಯಲ್ಲಿ ಮುಗಿಯಿತು. ಇವತ್ತು ಏಳು ಸುತ್ತಿನ ಆ ಕೋಟೆಯೊಳಗೆ ಯಾರೂ ಸಂಸಾರ ಮಾಡುತ್ತಿಲ್ಲ. ಹಿಡಿಂಬೇಶ್ವರನಿಗೆ, ಸಂಪಿಗೆ ಸಿದ್ದೇಶ್ವರನಿಗೆ, ಏಕನಾಥೇಶ್ವರಿಗೆ ಪೂಜೆ ನಡೆಯುತ್ತದೆ. ಅರಮನೆಯ ಮಣ್ಣಿನ ಗೋಡೆಗಳು ಬೋಳಾಗಿ ನಿಂತಿವೆ. ಜನವೆಲ್ಲ ಕೆಳಗೆ, ದೊಡ್ಡಪೇಟೆ, ಚಿಕ್ಕಪೇಟೆಗಳಲ್ಲಿ, ಅವೂ ಸಾಲದೆ ಸುತ್ತಲಿನ ಬಡಾವಣೆಗಳಲ್ಲಿ.

ಜಕಾರ್ತಾದಲ್ಲಿ ಇದರ ತದ್ವಿರುದ್ಧ. ಡಚ್ಚರು 17ನೇ ಶತಮಾನದಲ್ಲಿ ಬಟಾವಿಯಾದ ಸುತ್ತ ಕಟ್ಟಿದ್ದ ಗೋಡೆಯನ್ನು 19ನೇ ಶತಮಾನದ ಮೊದಲ ವರ್ಷಗಳಲ್ಲಿ ಅವರದೇ ಗವರ್ನರ್ ಜನರಲ್ ಡಾಂಡೆಲ್ಸ್ ಕೆಡವಿಸಿ ಕಲ್ಲನ್ನು ಬೇರೆ ಕಟ್ಟಡಗಳಿಗೆ ಬಳಸಿಕೊಂಡ. ಗೋಡೆ ಹೋಗಿ ಇನ್ನೂರು ವರ್ಷ ದಾಟಿದೆ. ಆ ಭಾಗಕ್ಕೆ ಇಂದಿಗೂ ಕೋತ ಎಂದೇ ಹೆಸರು. ಅಲ್ಲಿನ ರೈಲು ನಿಲ್ದಾಣ ಜಕಾರ್ತಾ ಕೋತ. ಅಲ್ಲಿ ಗೋಡೆ ಅಳಿದು ಜನ ಉಳಿದರು, ಇಲ್ಲಿ ಜನ ಇಳಿದುಹೋಗಿ ಗೋಡೆ ಉಳಿಯಿತು. ಮಲೇಷ್ಯಾದ ಮಲಯದಲ್ಲಿ ಮಾತ್ರ ಹಳೆಯ ಅರ್ಥವೂ ಇನ್ನೂ ಜೀವಂತ. ಮಲಕ್ಕಾದಲ್ಲಿ ಪೋರ್ಚುಗೀಸರು ಕಟ್ಟಿದ ಕೋಟೆಯ ಅಳಿದುಳಿದ ಬಾಗಿಲಿಗೆ ಅಲ್ಲಿಯವರು ‘ಕೋತ ಆ ಫಮೋಸ’ ಎನ್ನುತ್ತಾರೆ. ದುರ್ಗದವರು ಅಲ್ಲಿ ಹೋಗಿ ನಿಂತರೆ ಆ ಪದ ಬಿಡಿಸಿ ಹೇಳುವ ಕೆಲಸವೇ ಇಲ್ಲ.

ಏಕೆ ಹೀಗೆ ಅದಲುಬದಲಾಯಿತು? ಇದಕ್ಕೆ ನನಗೆ ಹೊಳೆಯುವುದು ಇಷ್ಟು. ಹೊರಗಿನಿಂದ ಬಂದ ಪದವನ್ನು ಯಾರೂ ಪೂರ್ತಿಯಾಗಿ ತೆಗೆದುಕೊಳ್ಳುವುದಿಲ್ಲ, ತಾವು ಯಾವ ಕಡೆ ನಿಂತಿದ್ದರೋ ಆ ಕಡೆಯಿಂದ ಕಂಡದ್ದನ್ನಷ್ಟೇ ತೆಗೆದುಕೊಳ್ಳುತ್ತಾರೆ. ಮಲಯದ ಜನ ಕೋತ ಎಂಬ ಪದವನ್ನು ತಾವು ವಾಸಿಸುವ ಜಾಗಕ್ಕೇ ಇಟ್ಟುಕೊಂಡರು. ಒಳಗೆ ಅರಸನಿದ್ದ, ಸಂತೆಯಿತ್ತು, ಮಕ್ಕಳು ಹುಟ್ಟಿದರು. ಸುತ್ತಲಿನ ಮಣ್ಣಿನ ದಿಬ್ಬ ಮಳೆಗೆ ಕರಗಿತು, ಮರದ ಗೂಟವನ್ನು ಗೆದ್ದಲು ತಿಂದಿತು, ಒಳಗಿದ್ದವರಿಗೆ ಅದು ಕೋತವಾಗಿಯೇ ಉಳಿಯಿತು. ಕಂಪುಂಗ್‌ನ ಪಾಡು ಬೇರೆ. ಅದನ್ನು ಎತ್ತಿಕೊಂಡ ಯುರೋಪಿಯನ್ನರು ಅಲ್ಲಿ ಹುಟ್ಟಿದವರಲ್ಲ. ಕಂಡದ್ದು ಒಂದು ಜನಕ್ಕೆ ಗೊತ್ತುಮಾಡಿದ ಆವರಣ. ತಮ್ಮ ಮಳಿಗೆ, ಬಂಗಲೆಗಳ ಆವರಣಕ್ಕೂ ಅದೇ ಹೆಸರಿಟ್ಟರು. ಅವರಿಂದ ನಮ್ಮವರು ಎತ್ತಿಕೊಳ್ಳುವ ಹೊತ್ತಿಗೆ ಆವರಣವೂ ಕಾಣದಾಗಿತ್ತು. ಸಾಹೇಬರ ಬಂಗಲೆಯೊಳಗೆ ಹೋಗುತ್ತಿದ್ದವರು ಮಾಲಿ, ಅಡುಗೆಯವನು, ಜವಾನ. ಉಳಿದವರು ಅರ್ಜಿ ಹಿಡಿದು ರಸ್ತೆಯಲ್ಲಿ ನಿಂತವರು. ರಸ್ತೆಯಲ್ಲಿ ನಿಂತವರಿಗೆ ಕಾಣುವುದು ಗೋಡೆ. ಹಾಗಾಗಿ ಇಂಗ್ಲಿಷಿನಲ್ಲಿ ಆವರಣವಾಗಿದ್ದ ಕಾಂಪೌಂಡು ಕನ್ನಡದಲ್ಲಿ ಬರಿಯ ಗೋಡೆಯಾಯಿತು ಎಂದು ನನ್ನ ನಂಬಿಕೆ. ಒಂದು ಪದ ಕಳೆದುಕೊಂಡ ಅರ್ಥದಲ್ಲಿ ನಮ್ಮ ಹಿರಿಯರು ಬಿಸಿಲಲ್ಲಿ ನಿಂತ ಹೊತ್ತು ಅಡಗಿದೆ. ಇದನ್ನು ಹಗುರವಾಗಿ ದಾಟಿಹೋಗಲು ನನಗೆ ಆಗುವುದಿಲ್ಲ.

ದುರ್ಗದ ಜೋಗಿಮಟ್ಟಿ ರಸ್ತೆಯ ಕಡೆ ಒಂದು ಸಂಜೆ ಕಾಂಪೌಂಡು ಕಟ್ಟುತ್ತಿದ್ದುದನ್ನು ನೋಡುತ್ತ ನಿಂತಿದ್ದೆ. ದಾರ ಬಿಗಿದು, ರಸಮಟ್ಟ ಇಟ್ಟು, ಕರಣೆಯ ಹಿಡಿಯಿಂದ ಇಟ್ಟಿಗೆಯನ್ನು ಎರಡೇ ಎರಡು ಸಲ ತಟ್ಟಿ ಕೂರಿಸುತ್ತಿದ್ದರು. “ಸಾರ್, ಐದಡಿಗೆ ನಿಲ್ಲಿಸೋಣ್ವಾ, ಆರಕ್ಕೆ ಏರಿಸೋಣ್ವಾ?” ಎಂದು ಕೇಳಿದರು ಕೆಲಸದವರೊಬ್ಬರು. “ರೋಡಿಂದ ಒಳಗೆ ಕಾಣಬಾರದು ನೋಡ್ರಿ ಮೇಸ್ತ್ರಿ” ಎಂದರು ಮನೆಯ ಯಜಮಾನರು. ಮೇಸ್ತ್ರಿ ಪೋರ್ಚುಗೀಸರಿಂದ ಬಂದ ಪದ, ಕಾಂಪೌಂಡು ಮಲಯದ್ದು, ಹಿಂದೆ ತಲೆಯೆತ್ತಿ ನಿಂತಿದ್ದ ಕೋಟೆಯ ಹೆಸರು ಮಲಯಕ್ಕೆ ಹೋದದ್ದು. ಆ ಇಬ್ಬರ ಒಂದು ನಿಮಿಷದ ಮಾತಿನಲ್ಲಿ ಎಷ್ಟು ಸಮುದ್ರ!

ಸಮುದ್ರ ಎಂದಾಗ ಚಂದ್ರವಳ್ಳಿಯ ನೆನಪಾಗದೆ ಇರದು. ಕದಂಬ ಮಯೂರಶರ್ಮನ ಕೆರೆಯ ಶಾಸನ ಇರುವ ಜಾಗ, ಕೋಟೆಯ ಬೆಟ್ಟಕ್ಕೆ ಅಂಟಿಕೊಂಡಂತೆ ಇದೆ. ಅಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದಾಗ ರೋಮನ್ ನಾಣ್ಯದ ಜೊತೆ ಒಂದು ಬಗೆಯ ನಯವಾದ ಮಣ್ಣಿನ ತಟ್ಟೆಯ ಚೂರುಗಳೂ ಸಿಕ್ಕವು. ತಟ್ಟೆಯ ಒಳಮೈಯಲ್ಲಿ, ತಳದ ಸುತ್ತ, ಉರುಳೆಯಿಂದ ಒತ್ತಿದ ಪುಟ್ಟಪುಟ್ಟ ಗೀರುಗಳ ಸುತ್ತುಗಳು. ಎರಡು ಸಾವಿರ ವರ್ಷದ ಹಿಂದಿನ ಈ ಬಗೆಯ ತಟ್ಟೆ ಪುದುಚೇರಿಯ ಹತ್ತಿರದ ಅರಿಕಮೇಡುವಿನಲ್ಲಿ ಹೇರಳ. ಅದೇ ಬಗೆಯ ಚೂರುಗಳು 1980ರ ದಶಕದ ಕೊನೆಯಲ್ಲಿ ಬಾಲಿ ದ್ವೀಪದ ಉತ್ತರ ಕರಾವಳಿಯ ಸೆಂಬಿರಾನ್ ಎಂಬ ಹಳ್ಳಿಯಲ್ಲಿ ಅಗೆದಾಗ ಸಿಕ್ಕವು. ತಟ್ಟೆ ಹೋದ ದಾರಿಯಲ್ಲೇ ಮಾತೂ ಹೋಗಿರಬೇಕಲ್ಲವೆ? ಅದಾದ ಸಾವಿರ ವರ್ಷದ ಮೇಲೆ, 1088ರಲ್ಲಿ, ಸುಮಾತ್ರಾದ ಬಾರೂಸ್ ಬಂದರಿನಲ್ಲಿ ವರ್ತಕ ಸಂಘವೊಂದು ತಮಿಳು ಶಾಸನ ಹಾಕಿಸಿತು. ಆ ಸಂಘ ಐನೂರ್ವರದು, ನಮ್ಮ ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರು. ಕರ್ಪೂರಕ್ಕೆ ಹೆಸರಾದ ಬಂದರು ಬಾರೂಸ್. ಸರಕು ಕೊಂಡುಕೊಳ್ಳುವ ಬಾಯಿಗಳು ಮಾತನ್ನೂ ಕೊಟ್ಟು ಬಂದಿವೆ.

ಅಲ್ಲಿಗೆ ಹೋದ ನಮ್ಮ ಪದಗಳಲ್ಲಿ ಕೆಲವು ತಮ್ಮ ಗಾತ್ರ ಬದಲಿಸಿಕೊಂಡಿವೆ. ದೇಸ ಎಂದರೆ ಹಳ್ಳಿ. ನೆಗರ ಎಂದರೆ ದೇಶ. ಮಲೇಷ್ಯಾದ ರಾಷ್ಟ್ರಗೀತೆಯ ಹೆಸರು ‘ನೆಗರಾಕು’, ನನ್ನ ದೇಶ. ನಮ್ಮ ದೇಶ ಹಿಗ್ಗಿದೆ, ಅವರದು ಕುಗ್ಗಿ ಹಳ್ಳಿಯಾಗಿದೆ. ನಮ್ಮ ನಗರ ಅಲ್ಲಿ ಹಿಗ್ಗಿ ದೇಶವಾಗಿದೆ. ಪಾರ್ಸಿಯಿಂದ ಎರಡೂ ಕಡೆಗೆ ಬಂದ ಬಂದರು ನಮ್ಮಲ್ಲಿ ಹಡಗು ನಿಲ್ಲುವ ಜಾಗ, ಮಲೇಷ್ಯಾದಲ್ಲಿ ಪಟ್ಟಣ.

ಗೋಡೆಗೂ ಊರಿಗೂ ಒಂದೇ ಹೆಸರಿಡುವುದು ಅವರೊಬ್ಬರ ರೂಢಿಯಲ್ಲ. ಇಂಗ್ಲಿಷಿನ ಟೌನ್ ಮೊದಲಿಗೆ ಆವರಣವೇ. ಅದೇ ಬೇರಿನ ಜರ್ಮನ್ ಪದಕ್ಕೆ ಇವತ್ತಿಗೂ ಬೇಲಿ ಎಂಬರ್ಥ. ಇನ್ನು ನಮ್ಮ ಹಟ್ಟಿಯನ್ನೇ ನೋಡಿ. ಹಟ್ಟಿ ಎಂದರೆ ದನಕುರಿಗಳ ದೊಡ್ಡಿ, ಹಟ್ಟಿ ಎಂದರೆ ಜನವಸತಿ. ಹಿರಿಯೂರು, ಚಳ್ಳಕೆರೆ ಸೀಮೆಯ ಕಾಡುಗೊಲ್ಲರ ಹಟ್ಟಿಗಳ ಸುತ್ತ ಕಳ್ಳೆಯ ಬೇಲಿ ಇರುತ್ತಿತ್ತು. ಕಳ್ಳೆ ಎಂದರೆ ಬಾರೆ, ಕಾರೆಯಂಥ ಮುಳ್ಳುಗಂಟಿ. ಕಡಿದು ತಂದು ಒಂದರ ಕೊಂಬೆಗೊಂದು ಸಿಕ್ಕಿಸಿ ಒಟ್ಟಿದರೆ ಕಿರುಬ ನುಗ್ಗದು, ಕುರಿ ಹೊರಹೋಗದು. ದೇವರ ಗುಡಿಗೂ ಅದೇ ಬೇಲಿ. ಚಳ್ಳಕೆರೆ ತಾಲ್ಲೂಕಿನ ಕ್ಯಾತಪ್ಪನ ಜಾತ್ರೆಯಲ್ಲಿ ಕಳ್ಳೆಯಿಂದಲೇ ಗುಡಿ ಕಟ್ಟಿ, ಬರಿಗಾಲಲ್ಲಿ ಅದನ್ನು ಹತ್ತಿ ಕಳಶ ಇಳಿಸುತ್ತಾರೆ. ಕಂಪುಂಗ್ ಎಂದರೇನು ಎಂದು ಹಟ್ಟಿಯವರಿಗೆ ಹೇಳಿಕೊಡಬೇಕಾಗಿಲ್ಲ. ಕೂಡಿ ಬಾಳುವ ಜನ, ಅವರ ಸುತ್ತ ಒಂದು ಬೇಲಿ, ಎರಡಕ್ಕೂ ಒಂದೇ ಹೆಸರು. ಕಲ್ಲಿನ ಕೋಟೆಗಿಂತ ಈ ಮುಳ್ಳಿನ ಕೋಟೆಯೇ ನನಗೆ ಹೆಚ್ಚು ಪಾಠ ಹೇಳಿದೆ.

ಊರ ಹೆಸರುಗಳಲ್ಲೂ ಅದೇ ಕತೆ. ಚಿತ್ರದುರ್ಗ ಎಂದು ಪೂರ್ತಿ ಹೇಳುವವರು ಹೊರಗಿನವರು. ಸುತ್ತಲಿನ ತಾಲ್ಲೂಕಿನವರಿಗೆ ಅದು ಬರಿ ದುರ್ಗ. “ದುರ್ಗಕ್ಕೆ ಹೋಗಿ ಬರ್ತೀನಿ” ಎಂದವರು ಬೆಟ್ಟ ಹತ್ತುವುದಿಲ್ಲ. ಜಿಲ್ಲಾ ಕಚೇರಿಗೋ ಆಸ್ಪತ್ರೆಗೋ ಹೋಗಿ ಬರುತ್ತಾರೆ. ಇಂಡೋನೇಷ್ಯಾದವರು ಕೋಟೆಗೆ ಮಾಡಿದ್ದನ್ನು ನಾವು ದುರ್ಗಕ್ಕೆ ಮಾಡಿದ್ದೇವೆ. ತ.ರಾ.ಸು. ಅವರಿಗೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದ ಕಾದಂಬರಿ ‘ದುರ್ಗಾಸ್ತಮಾನ’. ಅಸ್ತವಾದದ್ದು ಕಲ್ಲಲ್ಲ, ಒಂದು ನಾಡು ಎಂದು ಓದುಗರಿಗೆ ಕೇಳದೆಯೇ ತಿಳಿಯುತ್ತದೆ. ದುರ್ಗದ ಪಾಳೇಗಾರರೇ 17ನೇ ಶತಮಾನದಲ್ಲಿ ಕಟ್ಟಿದ ಹೊಸ ಕೋಟೆಯಿಂದ ಹೊಸದುರ್ಗವಾಯಿತು. ಕಾಸರಗೋಡಿನ ಕಡೆ ಕೆಳದಿಯವರು ಕಟ್ಟಿದ ಕೋಟೆಯಿಂದ ಇನ್ನೊಂದು ಹೊಸದುರ್ಗ. ಅದು ಈಗ ಕೇರಳದ ತಾಲ್ಲೂಕು. ಹಿರಿಯೂರು ಹೆಸರಿನಲ್ಲೇ ಊರು, ಹಿರಿಯ ಊರು, ದೊಡ್ಡ ಕಂಪುಂಗ್.

ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಹೊಳಲ್ಕೆರೆ. ಹಳಗನ್ನಡದಲ್ಲಿ ಪೊೞಲ್ ಎಂದರೆ ಪಟ್ಟಣ. ಅದೇ ಹೊಳಲ್ ಆಯಿತು. ಹೊಳಲ್ಕೆರೆ ಎಂದರೆ ಪಟ್ಟಣದ ಕೆರೆ. ಆಡುಮಾತಿನಲ್ಲಿ ಆ ಪದ ಸತ್ತು ಎಷ್ಟೋ ಶತಮಾನ. ನಗರ, ಪಟ್ಟಣ, ಸಿಟಿ ಒಂದರ ಹಿಂದೊಂದು ಬಂದು ಅದರ ಜಾಗ ಹಿಡಿದವು. ಕಂಡಕ್ಟರ್ “ಹೊಳಲ್ಕೆರೆ, ಹೊಳಲ್ಕೆರೆ” ಎಂದು ಕೂಗುವಾಗ ಮಾತ್ರ ಕನ್ನಡದ ಆ ಅಚ್ಚ ಪದಕ್ಕೆ ದಿನವೂ ಉಸಿರು ಸಿಗುತ್ತದೆ. ದೂರದ ಜಾವಾದಲ್ಲಿ ಕೋಟೆ ನಗರವಾಗಿ ಬೆಳೆಯುತ್ತಿದ್ದಾಗ ನಮ್ಮದೇ ನಗರದ ಪದ ಒಂದು ಕೆರೆಯ ಹೆಸರಿಗೆ ಅಂಟಿಕೊಂಡು ಜೀವ ಉಳಿಸಿಕೊಂಡಿತು.

ಕಂಪುಂಗ್ ಮಾತ್ರ ತನ್ನ ತವರಿನಲ್ಲಿ ಬತ್ತಿಲ್ಲ. ಈದ್ ಹಬ್ಬಕ್ಕೆ ಕ್ವಾಲಾಲಂಪುರದ ಜನ ಬಸ್ಸು, ಕಾರು ಹತ್ತಿ ಹೊರಡುವುದಕ್ಕೆ ‘ಬಾಲಿಕ್ ಕಂಪುಂಗ್’ ಎಂದು ಹೆಸರು. ಇಂಡೋನೇಷ್ಯಾದಲ್ಲಿ ‘ಪುಲಾಂಗ್ ಕಂಪುಂಗ್’. ಯುಗಾದಿಗೆ, ದೀಪಾವಳಿಗೆ ಬೆಂಗಳೂರಿನವರು “ಊರಿಗೆ ಹೋಗ್ತಿದೀವಿ” ಎನ್ನುವುದಕ್ಕೂ ಅದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ನಮ್ಮ ನಾಟಿಕೋಳಿ ಅಲ್ಲಿ ‘ಆಯಮ್ ಕಂಪುಂಗ್’, ಊರ ಕೋಳಿ. ಬೆಲೆಯೂ ಹೆಚ್ಚು, ರುಚಿಯೂ ಹೆಚ್ಚು. ಹುಟ್ಟೂರಿಗೆ ‘ಕಂಪುಂಗ್ ಹಾಲಾಮಾನ್’ ಎನ್ನುತ್ತಾರೆ. ಹಾಲಾಮಾನ್ ಎಂದರೆ ಮನೆಯ ಅಂಗಳ. ಹೊಸಬರು ಸಿಕ್ಕರೆ ಮಲಯದವರು ನಿಮ್ಮ ಕಂಪುಂಗ್ ಎಲ್ಲಿ ಎಂದು ಕೇಳುತ್ತಾರೆ. ನಮ್ಮವರು “ಯಾವೂರಾಯ್ತು ನಿಮ್ದು?” ಎನ್ನುತ್ತಾರೆ. ಹೊಳಲ್ಕೆರೆ ಕಡೆಯವರೊಬ್ಬರನ್ನು ಬೆಂಗಳೂರಿನಲ್ಲಿ ಹೀಗೆ ಕೇಳಿ ನೋಡಿ. ಗುರುತಿಲ್ಲದವರಿಗೆ ದುರ್ಗ ಎನ್ನುತ್ತಾರೆ. ಕೇಳಿದವರೂ ದುರ್ಗದವರೇ ಎಂದು ತಿಳಿದರೆ ಹೊಳಲ್ಕೆರೆ. ಅವರೂ ಹೊಳಲ್ಕೆರೆಯವರೇ ಆಗಿಬಿಟ್ಟರೆ ಮುಖ ಅರಳಿ ಹಳ್ಳಿಯ ಹೆಸರು ಹೊರಬರುತ್ತದೆ, ಅದರ ಹಿಂದೆಯೇ ಯಾವ ಕೇರಿ, ಯಾರ ಮನೆ, ಯಾರ ಮಗ ಎಂಬ ಮಾತು ಶುರುವಾಗುತ್ತದೆ.